ಸೋರೆಬುರುಡೆಯಿಂದ ಈಜುಗನ್ನಡಕದವರೆಗೆ

ಬೇಸಿಗೆಯ ರಜೆ ಬಂದಿತೆಂದರೆ ಪಟ್ಟಣದ ಮನೆಗಳಲ್ಲಿ ಒಂದು ಹೊಸ ಬೇಡಿಕೆ ಹುಟ್ಟುತ್ತದೆ. ಮಗನೋ ಮಗಳೋ ಈಜು ಕಲಿಯಬೇಕು. ಈಜುಕೊಳದ ಕಚೇರಿಗೆ ಹೋಗಿ ಹೆಸರು ಬರೆಸಿದ್ದಾಯಿತು, ಹಣ ಕಟ್ಟಿದ್ದಾಯಿತು. ಅಲ್ಲಿ ಕೊಟ್ಟ ಚೀಟಿಯಲ್ಲಿ ನಾಲ್ಕು ಸಾಮಾನುಗಳ ಹೆಸರಿದೆ: ಈಜುಡುಪು, ತಲೆಗೆ ಟೊಪ್ಪಿ, ಕಣ್ಣಿಗೆ ಕನ್ನಡಕ, ಮೈ ಒರೆಸಲು ಟವೆಲು. ಚೀಟಿಯನ್ನು ಓದಿಸಿ ಕೇಳಿದ ಅಜ್ಜ ನಗುತ್ತಾರೆ. "ನಾವು ಬಾವಿಯಲ್ಲಿ ಕಲಿತಾಗ ಇದ್ದದ್ದು ಒಂದು ಲಂಗೋಟಿ, ಬೆನ್ನಿಗೊಂದು ಸೋರೆಬುರುಡೆ. ಇಷ್ಟೆಲ್ಲ ಹೇರಿಕೊಂಡು ಹೋದರೆ ಮಗು ಈಜುವುದು ಯಾವಾಗ?" ಎನ್ನುತ್ತಾರೆ.

ಅಜ್ಜನ ಮಾತಿನಲ್ಲಿ ನ್ಯಾಯವಿದೆ. ಈಜು ಬರಬೇಕಾದದ್ದು ಮೈಗೆ, ಬಟ್ಟೆಗಲ್ಲ. ಆದರೆ ಚೀಟಿ ಬರೆದವರದೂ ತಪ್ಪಲ್ಲ. ಊರ ಬಾವಿ ಬೇರೆ. ದಿನವೂ ನೂರಾರು ಮಂದಿ ಇಳಿಯುವ, ಔಷಧಿ ಬೆರೆಸಿದ ಕೊಳ ಬೇರೆ. ತೊಂದರೆ ಇರುವುದು ಇವರಿಬ್ಬರ ನಡುವೆ, ಅಂಗಡಿಯಲ್ಲಿ. ಗೋಡೆಯ ತುಂಬ ತೂಗುಬಿಟ್ಟಿರುವ ಬಣ್ಣಬಣ್ಣದ ಸಾಮಾನುಗಳನ್ನು ಕಂಡು ಯಾವುದು ಬೇಕು, ಯಾವುದು ಬೇಡ ಎಂದು ನಮಗೆ ತೋಚುವುದಿಲ್ಲ. ಬೆಲೆ ಹೆಚ್ಚಿದ್ದೇ ಒಳ್ಳೆಯದಿರಬೇಕೆಂದು ನಂಬಿ ತಂದುಬಿಡುತ್ತೇವೆ.

ಇಂಥ ಸಮಯದಲ್ಲಿ ಚರಿತ್ರೆ ಸಹಾಯಕ್ಕೆ ಬರುತ್ತದೆ. ಈ ಒಂದೊಂದು ವಸ್ತುವೂ ಯಾವುದೋ ಕಾಲದಲ್ಲಿ, ಯಾರದೋ ಒಂದು ಕಷ್ಟಕ್ಕೆ ಉತ್ತರವಾಗಿ ಹುಟ್ಟಿದ್ದು. ಆ ಕಷ್ಟ ಯಾವುದೆಂದು ತಿಳಿದರೆ, ಅದು ನಮಗೂ ಇದೆಯೇ ಎಂದು ಕೇಳಿಕೊಳ್ಳಬಹುದು. ಇದ್ದರೆ ವಸ್ತು ಬೇಕು, ಇಲ್ಲದಿದ್ದರೆ ಬೇಡ. ಆಯ್ಕೆಗೆ ಇದಕ್ಕಿಂತ ಸುಲಭವಾದ ಸೂತ್ರವಿಲ್ಲ.

ರನ್ನನ 'ಗದಾಯುದ್ಧ'ದ ದುರ್ಯೋಧನನಿಗೆ ಈ ಚಿಂತೆ ಇರಲಿಲ್ಲ. ಜಲಮಂತ್ರ ಬಲ್ಲವನಾದ್ದರಿಂದ ಅವನು ಯಾವ ಸಲಕರಣೆಯೂ ಇಲ್ಲದೆ ವೈಶಂಪಾಯನ ಸರೋವರದೊಳಗೆ ಹೋಗಿ ಅಡಗಿದ. ಮಂತ್ರ ಬಾರದ ಉಳಿದ ಮನುಷ್ಯರೆಲ್ಲ ನೀರಿನೊಡನೆ ಬೇರೆ ಉಪಾಯಗಳಿಂದ ಸಂಧಾನ ಮಾಡಿಕೊಳ್ಳಬೇಕಾಯಿತು.

ಆ ಉಪಾಯಗಳಲ್ಲಿ ಮೊದಲನೆಯದು ತೇಲುವ ಉಪಾಯ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅಸ್ಸೀರಿಯದ ಕಲ್ಲಿನ ಉಬ್ಬುಚಿತ್ರಗಳಿವೆ. ಇವು ಈಗಿನ ಇರಾಕಿನ ನಿಮ್ರೂದ್ ಎಂಬಲ್ಲಿ, ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ದೊರೆ ಎರಡನೆಯ ಅಶುರ್‌ನಾಸಿರ್‌ಪಾಲನ ಅರಮನೆಯ ಗೋಡೆಗಳನ್ನು ಅಲಂಕರಿಸಿದ್ದವು. ಅವುಗಳಲ್ಲಿ ಹೊಳೆಯನ್ನು ಈಜಿ ದಾಟುವ ಯೋಧರನ್ನು ಕಾಣಬಹುದು. ಒಬ್ಬ ಬರಿಗೈಯಲ್ಲಿ ಈಜುತ್ತಾನೆ; ಇನ್ನೊಬ್ಬ ಗಾಳಿ ತುಂಬಿದ ಚರ್ಮದ ಚೀಲವನ್ನು ಎದೆಗೆ ಅವುಚಿಕೊಂಡು ಅದರ ಬಾಯಿಗೆ ತನ್ನ ಬಾಯಿಟ್ಟಿದ್ದಾನೆ. ಸುಮಾರು ಎರಡು ಸಾವಿರದ ಎಂಟುನೂರು ವರ್ಷಗಳ ಹಿಂದಿನ ಈ ಚೀಲಕ್ಕೂ ಇಂದು ಮಕ್ಕಳ ಸೊಂಟಕ್ಕೆ ಹಾಕುವ ಗಾಳಿಬಳೆಗೂ ತತ್ತ್ವದಲ್ಲಿ ಭೇದವಿಲ್ಲ.

ನಮ್ಮ ನಾಡಿನಲ್ಲಿ ಚರ್ಮದ ಚೀಲದ ಕೆಲಸವನ್ನು ಸೋರೆಬುರುಡೆ ಮಾಡಿತು. ಬಲಿತು ಒಣಗಿದ ಸೋರೆಕಾಯಿಯ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಬರೀ ಗಾಳಿ. ಅದನ್ನು ಹಗ್ಗದಿಂದ ಮಗುವಿನ ಬೆನ್ನಿಗೋ ಸೊಂಟಕ್ಕೋ ಬಿಗಿದು ನೀರಿಗಿಳಿಸುತ್ತಿದ್ದರು. ಕೆಲವು ಕಡೆ ಬೆಂಡಿನ ಕಟ್ಟು, ಕೆಲವು ಕಡೆ ಬಾಳೆದಿಂಡು. ಆದರೆ ಬುರುಡೆಯ ಜೊತೆಗೆ ಇನ್ನೂ ಒಂದು ಸಾಧನವಿತ್ತು. ಕಥೆ ಹೇಳುವಾಗ ಅಜ್ಜ ಅದನ್ನು ಮರೆಯುತ್ತಾರೆ. ಹುಡುಗನ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿರುತ್ತಿತ್ತು. ಅದರ ತುದಿ ಬಾವಿಯ ಮೆಟ್ಟಿಲ ಮೇಲೆ ನಿಂತ ಅಪ್ಪನ ಕೈಯಲ್ಲೋ ಸೋದರಮಾವನ ಕೈಯಲ್ಲೋ ಇರುತ್ತಿತ್ತು. ಬುರುಡೆ ತೇಲಿಸುತ್ತಿತ್ತು, ಹಗ್ಗ ಕಾಯುತ್ತಿತ್ತು.

ತೇಲಿಸುವುದು ಬೇರೆ, ಕಾಯುವುದು ಬೇರೆ ಎಂಬ ಈ ಮಾತನ್ನು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಇಂಗ್ಲೆಂಡಿನ ಜೀವರಕ್ಷಕ ದೋಣಿಗಳ ಸಂಸ್ಥೆಯ ಅಧಿಕಾರಿ ಕ್ಯಾಪ್ಟನ್ ವಾರ್ಡ್ ೧೮೫೪ರಲ್ಲಿ ಕಾರ್ಕಿನ ತುಂಡುಗಳನ್ನು ಕ್ಯಾನ್ವಾಸ್ ಬಟ್ಟೆಗೆ ಹೊಲಿದು ಒಂದು ಅಂಗಿ ಮಾಡಿದರು. ಬಿರುಗಾಳಿಯಲ್ಲಿ ದೋಣಿ ಮಗುಚಿದರೂ ತೊಟ್ಟವನು ಮುಳುಗಬಾರದು ಎಂಬುದು ಉದ್ದೇಶ. ಅದು ದಪ್ಪ, ಒಡ್ಡೊಡ್ಡು. ಅದನ್ನು ತೊಡಲು ನಾವಿಕರಿಗೆ ಅಷ್ಟು ಮನಸ್ಸಿರಲಿಲ್ಲ. ೧೮೬೧ರ ಫೆಬ್ರವರಿ ೯ರಂದು ವಿಟ್‌ಬಿ ಎಂಬ ಬಂದರಿನಲ್ಲಿ ಭಾರಿ ಬಿರುಗಾಳಿ ಎದ್ದಿತು. ಅಲ್ಲಿನ ರಕ್ಷಕ ದೋಣಿ ಅಂದು ಮತ್ತೆ ಮತ್ತೆ ಕಡಲಿಗಿಳಿದು ಹಲವರನ್ನು ದಡ ಸೇರಿಸಿ, ಕೊನೆಯ ಬಾರಿಗೆ ಹೊರಟಾಗ ಮಗುಚಿತು. ದೋಣಿಯಲ್ಲಿದ್ದವರು ಹದಿಮೂರು ಮಂದಿ. ಹನ್ನೆರಡು ಮಂದಿ ಸತ್ತರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಮಾದರಿಯ ಕಾರ್ಕ್ ಅಂಗಿಯನ್ನು ತೊಟ್ಟಿದ್ದವನೂ ಅವನೊಬ್ಬನೇ.

ಇದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಅಂಗಡಿಯಲ್ಲಿ ಒಂದೇ ಗೋಡೆಯ ಮೇಲೆ ಮೂರು ಜಾತಿಯ ಸಾಮಾನುಗಳನ್ನು ತೂಗುಹಾಕಿರುತ್ತಾರೆ. ಗಾಳಿ ತುಂಬುವ ಬಳೆ, ತೋಳಿನ ಚೀಲ, ಹಂಸದ ಆಕಾರದ ತೆಪ್ಪ, ಇವೆಲ್ಲ ಆಟದ ಸಾಮಾನು. ಗಾಳಿ ಸೋರಬಹುದು, ಮಗು ನುಣುಚಿಕೊಳ್ಳಬಹುದು, ಬಳೆಯ ಸಹಿತ ತಲೆಕೆಳಗಾಗಬಹುದು. ಎರಡನೆಯದು ಕೈಯಲ್ಲಿ ಹಿಡಿದು ಕಾಲು ಬಡಿಯುವ ಹಗುರವಾದ ಹಲಗೆ. ಇದು ಪಾಠದ ಸಾಮಾನು. ಕೈ ಬಿಟ್ಟರೆ ಅದರ ಪಾಡಿಗೆ ಅದು, ಮಗುವಿನ ಪಾಡಿಗೆ ಮಗು. ಮೂರನೆಯದು ಮಾತ್ರ ಪ್ರಾಣದ ಸಾಮಾನು: ಮೈತೂಕಕ್ಕೆ ತಕ್ಕ ಅಳತೆಯ, ಪಟ್ಟಿ ಬಿಗಿದು ತೊಡುವ ಲೈಫ್ ಜಾಕೆಟ್. ದೋಣಿ ಹತ್ತುವಾಗ, ಹಿನ್ನೀರಿಗೋ ಹೊಳೆಗೋ ಹೋಗುವಾಗ ಬೇಕಾದದ್ದು ಅದು. ಮೊದಲ ಎರಡನ್ನು ಮೂರನೆಯದೆಂದು ಭಾವಿಸಿ ದಡದಲ್ಲಿ ಹರಟೆಗೆ ಕುಳಿತುಕೊಳ್ಳುವುದು ಅಪಾಯ. ಕೊಳದಲ್ಲಿ ಕಲಿಯುವ ಮಗುವಿಗೆ ಹಲಗೆ ಸಾಕು. ಅದನ್ನು ಸಾಮಾನ್ಯವಾಗಿ ಕೊಳದವರೇ ಇಟ್ಟಿರುತ್ತಾರೆ, ನೀವು ಕೊಳ್ಳಬೇಕಾಗಿಲ್ಲ.

ತೇಲುವುದನ್ನು ಕಲಿತವನಿಗೆ ಬೇಗ ಸಾಗುವ ಆಸೆ ಸಹಜ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮಿಂಚಿನ ಶೋಧಕ್ಕೆ ಹೆಸರಾದವರು. ಅವರು ಬಾಸ್ಟನ್ನಿನಲ್ಲಿ ಹುಡುಗನಾಗಿದ್ದಾಗ, ಚಿತ್ರಗಾರರು ಬಣ್ಣ ಕಲಸುವ ಹಲಗೆಯಂತೆ ಎರಡು ಅಂಡಾಕಾರದ ಹಲಗೆಗಳನ್ನು ಮಾಡಿಕೊಂಡು, ಹೆಬ್ಬೆರಳಿಗೆ ತೂತು ಕೊರೆದು, ಅಂಗೈಗೆ ಹಿಡಿದು ಈಜಿದರು. ಸುಮಾರು ಹತ್ತು ಅಂಗುಲ ಉದ್ದ, ಆರು ಅಂಗುಲ ಅಗಲ. ವೇಗ ಹೆಚ್ಚಿತು, ಆದರೆ ಮಣಿಕಟ್ಟು ಸೋತುಹೋಯಿತು. ಕಾಲಿಗೂ ಒಂದು ಬಗೆಯ ಹಲಗೆಚಪ್ಪಲಿ ಕಟ್ಟಿ ನೋಡಿದರು, ಅದು ಹಿಡಿಸಲಿಲ್ಲ. ಇದನ್ನೆಲ್ಲ ಅವರು ಮುಪ್ಪಿನಲ್ಲಿ ಒಬ್ಬ ಫ್ರೆಂಚ್ ಸ್ನೇಹಿತರಿಗೆ ಕಾಗದದಲ್ಲಿ ಬರೆದರು. ಈಗಿನ ರಬ್ಬರಿನ ಕಾಲುರೆಕ್ಕೆಗೆ ೧೯೩೩ರಲ್ಲಿ ಫ್ರಾನ್ಸಿನ ದ ಕೊರ್ಲಿಯೂ ಪೇಟೆಂಟು ಪಡೆದರು. ಹೊಸದಾಗಿ ಕಲಿಯುವವರು ಇವುಗಳ ಗೊಡವೆಗೆ ಹೋಗದಿರುವುದೇ ಲೇಸು. ಹುಡುಗ ಫ್ರಾಂಕ್ಲಿನ್ನರ ಮಣಿಕಟ್ಟು ಹೇಳಿದ ಮಾತು ಇಂದಿಗೂ ನಿಜ: ನೀರನ್ನು ತಳ್ಳಲು ದೊಡ್ಡ ಹಲಗೆ ಕೊಟ್ಟರೆ ಅದರ ಭಾರ ಬೀಳುವುದು ನಮ್ಮ ಕೀಲುಗಳ ಮೇಲೆಯೇ.

ಇನ್ನು ಉಡುಪಿನ ಮಾತು. ಇದರ ಚರಿತ್ರೆ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಏಕೆಂದರೆ ಬಹುಕಾಲ ಈಜುಡುಪನ್ನು ಹೊಲಿದದ್ದು ಈಜುವವರ ಅನುಕೂಲಕ್ಕಲ್ಲ, ದಡದಲ್ಲಿ ನಿಂತು ನೋಡುವವರ ಸಮಾಧಾನಕ್ಕೆ. ಅಮೆರಿಕದ ಮೊದಲ ಅಧ್ಯಕ್ಷ ವಾಷಿಂಗ್ಟನ್ನರ ಪತ್ನಿ ಮಾರ್ಥಾ ನೀರಿಗಿಳಿಯುವಾಗ ತೊಡುತ್ತಿದ್ದ ನಿಲುವಂಗಿಯನ್ನು ಅವರ ಮನೆಯಾಗಿದ್ದ ಮೌಂಟ್ ವರ್ನನ್ನಿನಲ್ಲಿ ಕಾಪಾಡಿಟ್ಟಿದ್ದಾರೆ. ನೀಲಿ ಬಿಳಿ ಚೌಕುಳಿಯ ನಾರುಬಟ್ಟೆ. ಅಂಚಿನಲ್ಲಿ ಸೀಸದ ಬಿಲ್ಲೆಗಳನ್ನು ಹೊಲಿದಿದೆ. ನೀರಿನಲ್ಲಿ ಅಂಗಿ ಮೇಲೆ ತೇಲಿ ಕಾಲು ಕಾಣಬಾರದೆಂದು ಈ ಏರ್ಪಾಡು! ಮುಳುಗಬಾರದೆಂದು ಒಬ್ಬರು ಕಾರ್ಕು ಹೊಲಿದರೆ, ಮಾನ ಹೋಗಬಾರದೆಂದು ಇನ್ನೊಬ್ಬರು ಸೀಸ ಹೊಲಿದರು.

ಗಂಡಸರಿಗೆ ಈ ಕಟ್ಟುಪಾಡು ಕಡಮೆ. ೧೮೭೫ರ ಆಗಸ್ಟಿನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದಾಗ ತೊಟ್ಟದ್ದು ಒಂದು ತೆಳು ರೇಷ್ಮೆಯ ಉಡುಪು. ಚಳಿ ತಡೆಯಲು ಮೈಗೆಲ್ಲ ಕಡಲಹಂದಿಯ ಎಣ್ಣೆ. ಇಷ್ಟರಿಂದಲೇ ಅವರು ೨೧ ಗಂಟೆ ೪೫ ನಿಮಿಷ ಈಜಿ ಫ್ರಾನ್ಸಿನ ದಡ ಮುಟ್ಟಿದರು. ಅದೇ ಕಾಲದ ಹೆಂಗಸರು ಉಣ್ಣೆಯ ಅಂಗಿ, ಕೆಳಗೊಂದು ಚಲ್ಲಣ, ಕಾಲಿಗೆ ಚೀಲ ತೊಟ್ಟು ಕಡಲಿಗಿಳಿಯುತ್ತಿದ್ದರು. ಒದ್ದೆಯಾದ ಉಣ್ಣೆಯ ಭಾರವನ್ನು ಮಳೆಯಲ್ಲಿ ಕಂಬಳಿ ಹೊದ್ದವರು ಬಲ್ಲರು. ಆ ಭಾರ ಹೊತ್ತು ನೀರಿನಲ್ಲಿ ನಿಲ್ಲಬಹುದು, ಕುಣಿಯಬಹುದು, ಈಜುವುದು ಕಷ್ಟ.

ಇದನ್ನು ಬಾಯಿಬಿಟ್ಟು ಹೇಳಿದವರು ಆಸ್ಟ್ರೇಲಿಯದ ಆನೆಟ್ ಕೆಲರ್ಮನ್. ಬಾಲ್ಯದಲ್ಲಿ ಕಾಲಿನ ಮೂಳೆ ಬಲವಿಲ್ಲದೆ ಉಕ್ಕಿನ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದ ಹುಡುಗಿ, ಕಾಲಿಗೆ ಬಲ ಬರಲೆಂದು ಈಜು ಕಲಿತು ದೊಡ್ಡ ಈಜುಗಾರ್ತಿಯಾದರು. ಅವರು ಮೈಗೆ ಅಂಟಿದಂತಿರುವ ಒಂದೇ ತುಂಡಿನ ಉಡುಪನ್ನು ತೊಟ್ಟರು. ಅದಕ್ಕಾಗಿ ೧೯೦೭ರಲ್ಲಿ ಬಾಸ್ಟನ್ನಿನ ಬಳಿ ಪೊಲೀಸರು ತಮ್ಮನ್ನು ಹಿಡಿದರೆಂದು ಮುಂದೆ ಅವರೇ ಹೇಳುತ್ತಿದ್ದರು. ಆ ಕಾಲದ ಪತ್ರಿಕೆಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. ಕಥೆ ಹೇಗೇ ಇರಲಿ, ಉಡುಪು ಮಾತ್ರ ನಿಂತಿತು. ೧೯೧೨ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ಸ್‌ನಲ್ಲಿ ಮೊಟ್ಟಮೊದಲ ಬಾರಿಗೆ ಹೆಂಗಸರಿಗೆ ಈಜಿನ ಸ್ಪರ್ಧೆ ಏರ್ಪಟ್ಟಿತು. ನೂರು ಮೀಟರಿನ ಚಿನ್ನ ಗೆದ್ದವರು ಸಿಡ್ನಿಯ ಫ್ಯಾನಿ ಡ್ಯೂರಾಕ್. ಗಂಡಸರು ನೋಡುವ ಕಡೆ ಹೆಂಗಸರು ಸ್ಪರ್ಧಿಸಬಾರದೆಂಬ ನಿಯಮ ಅವರ ಊರಿನ ಮಹಿಳಾ ಈಜು ಸಂಘದಲ್ಲೇ ಇತ್ತು. ಜನ ಗಲಾಟೆ ಮಾಡಿದ ಮೇಲೆ ಅದನ್ನು ಸಡಿಲಿಸಿ ಅವರನ್ನು ಕಳುಹಿಸಿದರು. ನಿಯಮ ಗೆದ್ದಿದ್ದರೆ ಚಿನ್ನ ಬೇರೆಯವರ ಪಾಲಾಗುತ್ತಿತ್ತು.

ಮುಂದೆ ಬಟ್ಟೆಯೇ ಬದಲಾಯಿತು. ೧೯೨೮ರಲ್ಲಿ ಸಿಡ್ನಿಯ ಮ್ಯಾಕ್‌ರೇ ನೇಯ್ಗೆ ಕಾರ್ಖಾನೆಯವರು ಬೆನ್ನಿನ ಬಟ್ಟೆಯನ್ನು ಕಿರಿದುಮಾಡಿ, ತೋಳು ಸರಾಗವಾಗಿ ಆಡುವಂಥ ಉಡುಪು ತಂದು ಅದಕ್ಕೆ 'ಸ್ಪೀಡೊ' ಎಂದು ಹೆಸರಿಟ್ಟರು. ೧೯೩೨ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹದಿನಾರರ ಹುಡುಗಿ ಕ್ಲೇರ್ ಡೆನಿಸ್ ಇದನ್ನು ತೊಟ್ಟಾಗ, ಹೆಗಲ ಮೂಳೆ ಹೆಚ್ಚು ಕಾಣುತ್ತದೆಂದು ದೂರು ಬಂದಿತು. ದೂರು ನಿಲ್ಲಲಿಲ್ಲ, ಆಕೆ ಚಿನ್ನ ಗೆದ್ದರು. ಎರಡನೆಯ ಮಹಾಯುದ್ಧದ ಅನಂತರ ಉಣ್ಣೆ, ರೇಷ್ಮೆ, ಹತ್ತಿಗಳ ಜಾಗಕ್ಕೆ ನೈಲಾನ್ ಬಂದಿತು; ನೀರನ್ನು ಕುಡಿಯದ, ಬೇಗ ಒಣಗುವ ನೂಲು. ೧೯೫೮ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಜೋಸೆಫ್ ಶಿವರ್ಸ್ ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುವ ನೂಲನ್ನು ಸಿದ್ಧಪಡಿಸಿದರು. ಲೈಕ್ರಾ, ಸ್ಪ್ಯಾಂಡೆಕ್ಸ್ ಎಂದು ಈಗ ಕರೆಯುವುದು ಇದನ್ನೇ.

ಕೊನೆಗೆ ಉಡುಪು ಈಜುಗಾರನನ್ನೇ ಮೀರಿಸುವ ಕಾಲವೂ ಬಂದಿತು. ೨೦೦೮ರಲ್ಲಿ ಪ್ಲಾಸ್ಟಿಕ್ ಜಾತಿಯ ಪದರ ಬೆಸೆದ, ಮೈಯನ್ನು ಬಿಗಿದು ತೇಲುವಂತೆ ಮಾಡುವ ದಿರಿಸುಗಳು ಬಂದವು. ೨೦೦೯ರಲ್ಲಿ ರೋಮಿನ ವಿಶ್ವ ಸ್ಪರ್ಧೆಯೊಂದರಲ್ಲೇ ೪೩ ವಿಶ್ವದಾಖಲೆಗಳು ಮುರಿದವು. ಈಜಿದ್ದು ಮನುಷ್ಯನೋ ಬಟ್ಟೆಯೋ ಎಂಬ ಪ್ರಶ್ನೆ ಎದ್ದಿತು. ೨೦೧೦ರ ಜನವರಿಯಿಂದ ಅಂಥ ಉಡುಪುಗಳನ್ನು ನಿಷೇಧಿಸಿ, ನೇಯ್ದ ಬಟ್ಟೆಯನ್ನು ಮಾತ್ರ ತೊಡಬೇಕೆಂದು ನಿಯಮ ಮಾಡಿದರು. ಅಜ್ಜನ ಮಾತನ್ನೇ ಅಂತರರಾಷ್ಟ್ರೀಯ ಸಂಸ್ಥೆಯೂ ಹೇಳಿದಂತಾಯಿತು: ಈಜು ಬರಬೇಕಾದದ್ದು ಮೈಗೆ, ಬಟ್ಟೆಗಲ್ಲ.

ಹಾಗಾದರೆ ನೀವು ಅಂಗಡಿಯಲ್ಲಿ ಏನು ಕೇಳಬೇಕು? ಹತ್ತಿಯ ಚಡ್ಡಿ, ಬನಿಯನ್ನು ಬೇಡ. ಅವು ನೀರು ಕುಡಿದು ಭಾರವಾಗುತ್ತವೆ, ನೂಲು ಬಿಡುತ್ತವೆ. ರಜೆಯಲ್ಲಿ ಒಂದು ತಿಂಗಳು ಈಜುವವರಿಗೆ ನೈಲಾನ್ ಮತ್ತು ಲೈಕ್ರಾ ಬೆರಸಿದ ಬಟ್ಟೆ ಮೃದು, ಹಿತ. ವರ್ಷವಿಡೀ ದಿನವೂ ಈಜುವವರಿಗೆ ಪಾಲಿಯೆಸ್ಟರ್ ಹೆಚ್ಚಿರುವ ಬಟ್ಟೆ ಹೆಚ್ಚು ದಿನ ಬಾಳುತ್ತದೆ. ಒಣಗಿದ್ದಾಗ ಸ್ವಲ್ಪ ಬಿಗಿಯೆನಿಸಬೇಕು. ನೀರಿನಲ್ಲಿ ಅದು ತುಸು ಸಡಿಲವಾಗುತ್ತದೆ. ತೋಳೆತ್ತಿ, ಬಗ್ಗಿ ನೋಡಿ, ಹೆಗಲನ್ನು ಕೊರೆಯಬಾರದು. "ಬೆಳೆಯುವ ಮಗು, ಎರಡಳತೆ ದೊಡ್ಡದಿರಲಿ" ಎಂಬ ನಮ್ಮ ಮನೆಗಳ ಲೆಕ್ಕಾಚಾರ ಶಾಲೆಯ ಅಂಗಿಗೆ ಸರಿ, ಈಜುಡುಪಿಗೆ ಸಲ್ಲದು. ಸಡಿಲವಾದ ಉಡುಪಿನೊಳಗೆ ನೀರು ತುಂಬಿ ಮಗುವನ್ನು ಹಿಂದಕ್ಕೆ ಜಗ್ಗುತ್ತದೆ. ಮಕ್ಕಳಿಗೆ ನೀಲಿ, ಬೂದು, ಬಿಳಿ ಬೇಡ. ನೀರಿನಲ್ಲಿ ಅವು ಕಾಣುವುದಿಲ್ಲ. ಕಿತ್ತಳೆ, ಹೊಳೆಯುವ ಗುಲಾಬಿ ಬಣ್ಣಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಕಾಯುವವರಿಗೆ ಅದೊಂದು ದೊಡ್ಡ ಸಹಾಯ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಉಡುಪಿನ ಸಂಕೋಚದಿಂದ ಮಗಳನ್ನು ನೀರಿಗೇ ಇಳಿಸದ ಮನೆಗಳು ಇಂದಿಗೂ ಇವೆ. ಆ ಸಂಕೋಚವನ್ನು ಹಳಿಯಬೇಕಾಗಿಲ್ಲ, ಅದಕ್ಕೂ ಉತ್ತರವಿದೆ. ತೋಳು, ಮೊಣಕಾಲು ಮುಚ್ಚುವ, ಬೇಕಾದರೆ ಪಾದದವರೆಗೂ ಬರುವ ಉಡುಪುಗಳು ಈಜಿನ ಬಟ್ಟೆಯಲ್ಲೇ ಸಿಗುತ್ತವೆ. ೨೦೦೪ರಲ್ಲಿ ಆಸ್ಟ್ರೇಲಿಯದಲ್ಲಿ ಅಹೀದಾ ಝನೆಟ್ಟಿ ಎಂಬವರು ತಲೆಯಿಂದ ಕಾಲಿನವರೆಗೆ ಮುಚ್ಚುವ ಈಜುಡುಪನ್ನೇ ಹೊಲಿದರು. ಬಟ್ಟೆ ಈಜಿನದಾಗಿರಲಿ, ಕೊಳದ ನಿಯಮಕ್ಕೆ ಒಪ್ಪಲಿ. ಉದ್ದ ಎಷ್ಟೆಂಬುದು ನಿಮ್ಮ ಮನೆಯ ಇಷ್ಟ. ಆದರೆ ಉಡುಪಿನ ನೆಪದಲ್ಲಿ ಮಗಳಿಗೆ ಈಜನ್ನು ತಪ್ಪಿಸಬೇಡಿ. ಬಂಗಾಳದ ಆರತಿ ಸಾಹ ೧೯೫೯ರ ಸೆಪ್ಟೆಂಬರ್ ೨೯ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ, ಹಾಗೆ ದಾಟಿದ ಏಷ್ಯದ ಮೊದಲ ಮಹಿಳೆಯಾದರು. ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ಸ್‌ನಲ್ಲಿ ಈಜಿದರು. ೨೦೨೪ರಲ್ಲಿ ಪ್ಯಾರಿಸ್ಸಿಗೆ ಹೋದ ಧಿನಿಧಿ ದೇಸಿಂಗುಗೆ ಆಗ ಹದಿನಾಲ್ಕೇ ವರ್ಷ. ಇವರ ಮಾತು ಹಾಗಿರಲಿ. ಕಾಲು ಜಾರಿ ಕೆರೆಗೆ ಬಿದ್ದ ಮಗುವನ್ನು ನೀರು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ.

ಕಣ್ಣಿನ ಕನ್ನಡಕಕ್ಕೆ ಬರೋಣ. ಹದಿನಾಲ್ಕನೆಯ ಶತಮಾನದಲ್ಲಿ ನಮ್ಮ ದೇಶಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ, ಪರ್ಷಿಯದ ಖಾರಿಯಲ್ಲಿ ಮುತ್ತು ತೆಗೆಯಲು ಮುಳುಗುವವರ ವಿಷಯ ಬರೆದಿದ್ದಾನೆ. ಅವರು ಆಮೆಯ ಚಿಪ್ಪಿನಿಂದ ಮಾಡಿದ ಮುಖದ ಮರೆಯನ್ನೂ, ಮೂಗನ್ನು ಹಿಡಿಯುವ ಅದೇ ಚಿಪ್ಪಿನ ಚಿಮಟವನ್ನೂ ಧರಿಸುತ್ತಿದ್ದರಂತೆ. ಕಡಲಲ್ಲಿ ಈಜುವವರ ಕಷ್ಟ ಬೇರೆ ಬಗೆಯದು: ಗಂಟೆಗಟ್ಟಲೆ ಉಪ್ಪುನೀರು ಬಡಿದು ಕಣ್ಣು ಊದಿಕೊಳ್ಳುತ್ತಿತ್ತು. ೧೯೨೬ರ ಆಗಸ್ಟ್ ೬ರಂದು ಅಮೆರಿಕದ ಗರ್ಟ್ರೂಡ್ ಎಡರ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಮೊದಲ ಮಹಿಳೆಯಾದರು. ಆಗ ಅವರು ಕಟ್ಟಿಕೊಂಡದ್ದು ಮೋಟಾರ್ ಸೈಕಲ್ಲಿನವರ ಕನ್ನಡಕದಂಥದು. ನೀರು ನುಸುಳದಂತೆ ಅದರ ಸುತ್ತ ಮೇಣ ಕರಗಿಸಿ ಮೆತ್ತಿದ್ದರು. ತೆಗೆದುಕೊಂಡ ಕಾಲ ಸುಮಾರು ಹದಿನಾಲ್ಕೂವರೆ ಗಂಟೆ. ಅದುವರೆಗೆ ದಾಟಿದ್ದ ಎಲ್ಲ ಗಂಡಸರಿಗಿಂತ ಬೇಗ.

ಕೊಳದ ಸ್ಪರ್ಧೆಗಳಲ್ಲಿ ಕನ್ನಡಕ ಬಂದದ್ದು ಬಹಳ ತಡವಾಗಿ. ೧೯೭೨ರಲ್ಲಿ ಮ್ಯೂನಿಕ್ಕಿನಲ್ಲಿ ಏಳು ಚಿನ್ನ ಗೆದ್ದ ಮಾರ್ಕ್ ಸ್ಪಿಟ್ಸ್ ಕನ್ನಡಕವೂ ಇಲ್ಲದೆ, ಟೊಪ್ಪಿಯೂ ಇಲ್ಲದೆ, ಮೇಲೊಂದು ಮೀಸೆ ಬಿಟ್ಟುಕೊಂಡು ಈಜಿದರು. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸ್ ಹೊತ್ತಿಗೆ ಕನ್ನಡಕ ಬಳಕೆಗೆ ಬಂದಿತು. ಅದು ಬಂದ ಮೇಲೆ ಕಣ್ಣುರಿಯಿಲ್ಲದೆ ಗಂಟೆಗಟ್ಟಲೆ ಅಭ್ಯಾಸ ಮಾಡುವುದು ಸಾಧ್ಯವಾಯಿತು.

ಕನ್ನಡಕವನ್ನು ಬೆಲೆ ನೋಡಿ ಆರಿಸಬೇಡಿ, ಮುಖ ನೋಡಿ ಆರಿಸಿ. ಪಟ್ಟಿಯನ್ನು ತಲೆಗೆ ಹಾಕದೆ ಎರಡು ಗಾಜುಗಳನ್ನು ಮಾತ್ರ ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಎರಡು ಮೂರು ಕ್ಷಣ ತಾನಾಗಿ ಅಂಟಿಕೊಂಡಿದ್ದರೆ ಅದು ನಿಮ್ಮ ಮುಖಕ್ಕೆ ಸರಿಹೊಂದಿತೆಂದು ಅರ್ಥ. ತಕ್ಷಣ ಬಿದ್ದರೆ ಬೇರೆಯದನ್ನು ನೋಡಿ. ಪಟ್ಟಿಯನ್ನು ಎಷ್ಟು ಬಿಗಿದರೂ ಅದು ಸೋರುತ್ತದೆ. ಮನೆಯೊಳಗಿನ ಕೊಳಕ್ಕೆ ತಿಳಿ ಬಣ್ಣದ ಗಾಜು, ಬಿಸಿಲಿನ ಕೊಳಕ್ಕೆ ಕಪ್ಪು ಛಾಯೆಯದು. ದೃಷ್ಟಿದೋಷವಿದ್ದವರಿಗೆ ನಂಬರಿನ ಈಜುಗನ್ನಡಕ ಸಿಗುತ್ತದೆ. ಕಾಂಟ್ಯಾಕ್ಟ್ ಲೆನ್ಸನ್ನು ಮಾತ್ರ ತೆಗೆದಿಟ್ಟೇ ನೀರಿಗಿಳಿಯಬೇಕು, ಅದರಡಿ ಸೋಂಕು ಸೇರಿಕೊಂಡರೆ ಕಣ್ಣಿಗೆ ಅಪಾಯ. ಮಕ್ಕಳು ಕನ್ನಡಕವನ್ನು ಮುಂದಕ್ಕೆ ಎಳೆದು ಬಿಡುವ ಆಟವಾಡುತ್ತಾರೆ. ಅದು ಕವಣೆಯಂತೆ ಬಂದು ಕಣ್ಣಿಗೆ ಬಡಿಯಬಹುದು. ಹಿಂದಿನ ಪಟ್ಟಿಯನ್ನು ಮೇಲಕ್ಕೆತ್ತಿ ತೆಗೆಯುವುದನ್ನು ಮೊದಲ ದಿನವೇ ಕಲಿಸಿಕೊಡಿ.

ಟೊಪ್ಪಿಯ ಕಥೆ ಚಿಕ್ಕದು. ಅದು ಕೂದಲನ್ನು ಒಣಗಿಸಿಡುತ್ತದೆಂದು ನಂಬಿ ಕೊಂಡವರೆಲ್ಲ ನಿರಾಶರಾಗಿದ್ದಾರೆ. ಅದರ ಕೆಲಸ ಬೇರೆ: ಉದುರಿದ ಕೂದಲು ನೀರು ಸೋಸುವ ಯಂತ್ರಕ್ಕೆ ಸಿಕ್ಕದಂತೆ, ಈಜುವಾಗ ಮುಖದ ಮೇಲೆ ಬೀಳದಂತೆ ತಡೆಯುವುದು. ಹಿಂದೆ ಅನೇಕ ಕೊಳಗಳಲ್ಲಿ ಹೆಂಗಸರಿಗೆ ಮಾತ್ರ ಟೊಪ್ಪಿ ಕಡ್ಡಾಯವಾಗಿತ್ತು. ಪಶ್ಚಿಮದ ಗಂಡಸರು ಉದ್ದ ಕೂದಲು ಬಿಡತೊಡಗಿದ ಮೇಲೆ ಅವರೂ ಅದೇ ನಿಯಮಕ್ಕೆ ತಲೆಯೊಡ್ಡಬೇಕಾಯಿತು. ರಬ್ಬರಿನ ಟೊಪ್ಪಿ ಅಗ್ಗ, ಆದರೆ ಬೇಗ ಹರಿಯುತ್ತದೆ, ಕೂದಲನ್ನು ಕೀಳುತ್ತದೆ. ಸಿಲಿಕೋನಿನದು ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಜಡೆಯಿರುವ ನಮ್ಮ ಹುಡುಗಿಯರಿಗೆ ಇದೇ ವಾಸಿ. ತಲೆಗೆ ಎಣ್ಣೆ ಹಚ್ಚಿಕೊಂಡು ಕೊಳಕ್ಕೆ ಹೋಗುವ ಅಭ್ಯಾಸ ಬೇಡ. ಎಣ್ಣೆ ರಬ್ಬರನ್ನೂ ಕೆಡಿಸುತ್ತದೆ, ನೀರನ್ನೂ ಕೆಡಿಸುತ್ತದೆ.

ಕೊಂಡದ್ದಾಯಿತು, ಕಾಪಾಡುವುದು ಹೇಗೆ? ಇದಕ್ಕೂ ಒಂದು ಚರಿತ್ರೆಯಿದೆ. ೧೯೦೮ರಲ್ಲಿ ಅಮೆರಿಕದ ಜರ್ಸಿ ನಗರದಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿ ಶುದ್ಧಿಮಾಡುವ ಏರ್ಪಾಡು ಬಂದಿತು. ಕೆಲವೇ ವರ್ಷಗಳಲ್ಲಿ ಈಜುಕೊಳಗಳಿಗೂ ಅದು ಹಬ್ಬಿತು. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಹಾಗೆಯೇ ಲೈಕ್ರಾ ನೂಲನ್ನು ಸಡಿಲಿಸುತ್ತದೆ, ಬಣ್ಣವನ್ನು ತಿನ್ನುತ್ತದೆ, ರಬ್ಬರನ್ನು ಪೆಡಸು ಮಾಡುತ್ತದೆ. ಭೀಮನ ಗರ್ಜನೆ ಕೇಳಿ ಕೌರವನು ಕೊಳದ ನೀರಿನಲ್ಲೂ ಬೆವರಿದನೆಂದು ರನ್ನ ಹೇಳುತ್ತಾನೆ. ಕವಿಯ ಮಾತೆಂದು ನಗಬೇಡಿ. ನೀರಿನಲ್ಲಿ ಈಜುವ ಎಲ್ಲರೂ ಬೆವರುತ್ತಾರೆ. ಆ ಬೆವರು, ಮತ್ತು ಹೇಳಬಾರದ ಇನ್ನೊಂದು, ಕ್ಲೋರಿನ್ನಿನೊಡನೆ ಸೇರಿ ಬೇರೊಂದು ವಸ್ತುವಾಗುತ್ತದೆ. ಕೊಳದ ಹತ್ತಿರ ಮೂಗಿಗೆ ಬಡಿಯುವ ಘಾಟು, ಕಣ್ಣಿನ ಉರಿ ಹೆಚ್ಚಾಗಿ ಅದರದೇ. ಆದ್ದರಿಂದ ನೀರಿಗಿಳಿಯುವ ಮೊದಲು ಮೈಗೆ ನೀರು ಹಾಕಿಕೊಳ್ಳಬೇಕೆಂಬ ನಿಯಮ ಬರೀ ಶಿಷ್ಟಾಚಾರವಲ್ಲ. ಅದರಿಂದ ನಿಮ್ಮ ಕಣ್ಣೂ ಉಳಿಯುತ್ತದೆ, ಕೊಳದ ನೀರೂ ಉಳಿಯುತ್ತದೆ.

ಈಜಿ ಬಂದ ಕೂಡಲೇ ಉಡುಪು, ಟೊಪ್ಪಿ, ಕನ್ನಡಕ ಮೂರನ್ನೂ ತಣ್ಣೀರಿನಲ್ಲಿ ಜಾಲಿಸಿ. ಉಡುಪಿಗೆ ಬಿಸಿನೀರು ಬೇಡ, ಬ್ರಷ್ಷು ಬೇಡ, ಕಲ್ಲಿಗೆ ಬಡಿಯುವುದಂತೂ ಬೇಡವೇ ಬೇಡ. ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಹರವಿ. ಒದ್ದೆ ಉಡುಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಮರುದಿನದವರೆಗೆ ಮರೆತರೆ ಮುಗ್ಗಲು ವಾಸನೆ ಖಂಡ್ಯ. ಕನ್ನಡಕದ ಒಳಮೈಯನ್ನು ಬೆರಳಿನಿಂದಲೋ ಸೆರಗಿನಿಂದಲೋ ಉಜ್ಜಬೇಡಿ. ಮಂಜು ಕವಿಯದಂತೆ ಅಲ್ಲಿ ಹಚ್ಚಿರುವ ತೆಳು ಲೇಪ ಹೋಗಿಬಿಡುತ್ತದೆ. ರಬ್ಬರಿನ ಟೊಪ್ಪಿ ಒಣಗಿದ ಮೇಲೆ ಚಿಟಿಕೆ ಪೌಡರು ಉದುರಿಸಿಟ್ಟರೆ ಒಳಮೈ ಅಂಟಿಕೊಳ್ಳುವುದಿಲ್ಲ. ಇಷ್ಟು ಮಾಡಿದರೆ ಅಕ್ಕನ ಕನ್ನಡಕ ಮುಂದಿನ ಬೇಸಿಗೆಗೆ ತಮ್ಮನಿಗೂ ಉಳಿದೀತು. ಉಡುಪಿನ ಹಿಂಭಾಗ ತೆಳುವಾಗಿ ಬೆಳಕು ಕಾಣತೊಡಗಿದರೆ ಮಾತ್ರ ಅದರ ಆಯುಷ್ಯ ಮುಗಿಯಿತೆಂದು ತಿಳಿಯಿರಿ.

ಒಂದು ಉಡುಪು, ಒಂದು ಟೊಪ್ಪಿ, ಒಂದು ಕನ್ನಡಕ, ಒಂದು ಟವೆಲು. ಚೀಟಿಯಲ್ಲಿರುವ ಈ ನಾಲ್ಕರಲ್ಲಿ ಹೆಚ್ಚಿನದೇನೂ ಇಲ್ಲ. ಚೀಟಿಯಲ್ಲಿಲ್ಲದ್ದು ಬೇಕಾಗಿಯೂ ಇಲ್ಲ. ಆದರೆ ಯಾವ ಅಂಗಡಿಯಲ್ಲೂ ಸಿಗದ ಐದನೆಯದೊಂದಿದೆ. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದರಲ್ಲವೆ ಕೂಗುವುದು! ಸದ್ದಿಲ್ಲದೆ, ನಾವು ಪಕ್ಕದವರೊಡನೆ ಎರಡು ಮಾತಾಡಿ ತಿರುಗುವಷ್ಟರಲ್ಲಿ ಅದು ನಡೆದುಹೋಗುತ್ತದೆ. ಕಲಿಸುವವರು ಇದ್ದಾರೆ, ಕಾವಲಿನವರಿದ್ದಾರೆ, ನಿಜ. ಆದರೂ ಮಗು ನೀರಿನಲ್ಲಿರುವಷ್ಟು ಹೊತ್ತು ನಿಮ್ಮ ಕಣ್ಣು ಅದರ ಮೇಲಿರಲಿ. ಕೈಯಲ್ಲಿ ಫೋನಿದ್ದರೆ ಚೀಲದೊಳಗೆ ಹೋಗಲಿ.

ಈ ಸಲ ಅಜ್ಜ ಬಾವಿಯ ಕಥೆ ತೆಗೆದರೆ, ನಿಮ್ಮ ಸೊಂಟದ ಹಗ್ಗದ ತುದಿ ಯಾರ ಕೈಯಲ್ಲಿತ್ತು ಎಂದು ಅವರನ್ನು ಕೇಳಿ ನೋಡಿ. ಅವರು ಒಂದು ಕ್ಷಣ ಸುಮ್ಮನಿದ್ದು ಆ ಹೆಸರನ್ನು ಹೇಳುತ್ತಾರೆ. ಆಮೇಲೆ, ನಾಳೆ ಮಗುವನ್ನು ಕೊಳಕ್ಕೆ ತಾವೇ ಕರೆದುಕೊಂಡು ಹೋಗುವುದಾಗಿ ಹೇಳಿದರೂ ಹೇಳಿಯಾರು.